ಆಟಿಸಂ ಇರುವ ಮಗುವಿಗೆ ಆಟ ಕಲಿಸೋದು: ಮನೆ, ಥೆರಪಿ ಸೆಂಟರ್, ಗುಂಪು, ಶಾಲೆ – ಮೊದಲು ಯಾವುದು?

"ನಮ್ಮ ಹುಡುಗ ಯಾರ ಜೋಡಿನೂ ಆಡಂಗಿಲ್ರಿ. ಸೆಂಟರ್‌ಗೆ ಹಾಕೋಣೋ, ಅಂಗನವಾಡಿಗೆ ಕಳಸೋಣೋ, ಇಲ್ಲಾ ಮನ್ಯಾಗ ನಾವ ಕಲಸೋಣೋ?" ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ತಂದೆ ತಾಯಂದಿರು ಜಾಸ್ತಿ ಕೇಳುವ ಪ್ರಶ್ನೆ ಇದೇ. ಆಟಿಸಂ ಅಂತ ಡಾಕ್ಟರು ಹೇಳಿ ಆಗಿರುತ್ತದೆ. ಒಬ್ಬರು ಸ್ಪೀಚ್ ಥೆರಪಿ ಅನ್ನುತ್ತಾರೆ, ಇನ್ನೊಬ್ಬರು ಎಬಿಎ ಅನ್ನುವ ಬೇರೊಂದು ಥೆರಪಿ ಹೇಳುತ್ತಾರೆ, ಮನೆಯ ಹಿರಿಯರು "ಹುಡುಗರ ಜೋಡಿ ಬಿಡ್ರಿ, ತಾನ ಕಲೀತಾನ" ಅನ್ನುತ್ತಾರೆ. ಕೈಯಲ್ಲಿರುವ ದುಡ್ಡು, ಸಮಯ ಎರಡೂ ಯಾವುದಾದರೂ ಒಂದಕ್ಕೆ ಸಾಲುವಷ್ಟೇ ಇರುತ್ತದೆ.

ನಾನು ಡಾಕ್ಟರ್ ಅಲ್ಲ, ಥೆರಪಿಸ್ಟೂ ಅಲ್ಲ. ಆಟಿಸಂ ಇರುವ ಹುಡುಗನ ತಾಯಿ, ಧಾರವಾಡದವಳು. ಈ ಎಲ್ಲ ದಾರಿಯಲ್ಲೂ ಸ್ವಲ್ಪ ಸ್ವಲ್ಪ ಓಡಾಡಿದ್ದೇನೆ, ಬೇರೆ ಮನೆಗಳಲ್ಲಿ ಏನಾಯಿತು ಅಂತಲೂ ಹತ್ತಿರದಿಂದ ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಗು ಚಿಕ್ಕದಿದ್ದರೆ ಮೊದಲ ಜಾಗ ಮನೆಯ ಆಟಕ್ಕೆ, ಮೊದಲ ದುಡ್ಡು ಆ ಆಟವನ್ನು ನೋಡಿ ತಿದ್ದಿ ಹೇಳುವ ಒಬ್ಬ ತಿಳಿದವರಿಗೆ. ಉಳಿದದ್ದೆಲ್ಲ ಮಗು ಈಗ ಆಟದಲ್ಲಿ ಎಲ್ಲಿದೆ ಅನ್ನೋದರ ಮೇಲೆ. ನಿಮ್ಮ ಮನೆಗೆ ಇದು ಹೊಂದದೆಯೂ ಇರಬಹುದು. ಅದಕ್ಕೇ ಮೊದಲು ಯಾವುದನ್ನು ನೋಡಿ ಅಳೆಯಬೇಕು ಅಂತ ಹೇಳಿ, ಆಮೇಲೆ ಒಂದೊಂದೇ ಆಯ್ಕೆಗೆ ಬರುತ್ತೇನೆ.

ಯಾವುದನ್ನು ನೋಡಿ ಅಳೆಯಬೇಕು

ವಯಸ್ಸು ಬಿಡಿ, ಆಟ ನೋಡಿ. ಆರು ವರ್ಷದ ಮಗು ಇನ್ನೂ ಗಾಡಿಯ ಗಾಲಿ ತಿರುಗಿಸುತ್ತಾ ಕೂತಿರಬಹುದು, ಮೂರು ವರ್ಷದ್ದು ಖಾಲಿ ಲೋಟ ಹಿಡಿದು ಅಜ್ಜಿಗೆ ಸುಳ್ಳೇ ಸುಳ್ಳು ಚಹಾ ಕುಡಿಸಬಹುದು. ಇದರಲ್ಲಿ ಎರಡು ವಿಷಯ ಬೇರೆ ಬೇರೆ ಗಮನಿಸಬೇಕು. ವಸ್ತುಗಳ ಜೊತೆ ಮಗು ಏನು ಮಾಡುತ್ತದೆ? ಸಾಲಾಗಿ ಜೋಡಿಸುತ್ತದಾ, ಗುಂಡಿ ಒತ್ತಿ ಸದ್ದು ಕೇಳುತ್ತದಾ, ಗಾಡಿಯನ್ನು ಗಾಡಿ ಹಾಗೆ ಓಡಿಸುತ್ತದಾ, ಬೆಂಕಿಪೊಟ್ಟಣವನ್ನೇ ಫೋನ್ ಮಾಡಿ "ಹಲೋ" ಅನ್ನುತ್ತದಾ? ಇನ್ನೊಂದು, ಜನರ ಜೊತೆ ಎಷ್ಟು ಇರುತ್ತದೆ? ಪಕ್ಕದಲ್ಲಿ ಯಾರಾದರೂ ಕೂತರೆ ಎದ್ದು ಹೋಗುತ್ತದಾ, ಕೂರಲು ಬಿಡುತ್ತದಾ, ತನಗೆ ಇಷ್ಟವಾದದ್ದನ್ನು ನಿಮಗೆ ತೋರಿಸುತ್ತದಾ, ತನ್ನ ಪಾಳಿಗೆ ಕಾಯುತ್ತದಾ? ಒಂದು ವಾರ ಸುಮ್ನೆ ನೋಡಿ, ಬರೆದಿಡಿ. ಇಷ್ಟು ಮಾಡದೆ ಎಲ್ಲಿಗೆ ಸೇರಿಸಿದರೂ ಕತ್ತಲಲ್ಲಿ ಹುಡುಕಿದ ಹಾಗೆ.

ಎರಡನೆಯದು, ಕಲಿತದ್ದು ಓಣಿಗೆ ಬರುತ್ತದಾ? ಆಟಿಸಂ ಇರುವ ಬಹಳ ಮಕ್ಕಳಿಗೆ ಒಂದು ಕೋಣೆಯಲ್ಲಿ ಒಬ್ಬರ ಜೊತೆ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗೇ ಬರೋದಿಲ್ಲ. ಸೆಂಟರ್‌ನ ಮೇಡಂ ಜೊತೆ ಚೆಂಡು ಎಸೆದು ಹಿಡಿಯುವ ಮಗು, ಮನೆ ಮುಂದೆ ಚಿಕ್ಕಪ್ಪನ ಮಗ ಎಸೆದರೆ ಸುಮ್ಮನೆ ನಿಂತಿರುತ್ತದೆ. ದುಡ್ಡು ಕೊಡುವ ಮೊದಲು ಈ ಮಾತು ತಲೆಯಲ್ಲಿರಲಿ.

ಮೂರನೆಯದು ಖರ್ಚು. ಬರೀ ಫೀ ಅಲ್ಲ. ದಾರಿ, ತಾಯಿಯ ಅರ್ಧ ದಿನ, ಮನೆಯಲ್ಲಿ ಉಳಿದ ಇನ್ನೊಂದು ಮಗು, ತಪ್ಪಿದ ಕೂಲಿ, ಎಲ್ಲವೂ ಸೇರಬೇಕು.

ನಾಲ್ಕನೆಯದನ್ನು ಜಾಸ್ತಿ ಜನ ಕೇಳೋದೇ ಇಲ್ಲ: ಮಗುವಿಗೆ ಖುಷಿ ಇದೆಯಾ? ಅಳುತ್ತಾ ಕಲಿತ ಆಟ ಆಟವೇ ಅಲ್ಲ. "ನನ್ನ ಕಣ್ಣು ನೋಡು, ನೋಡು" ಅಂತ ಗಲ್ಲ ಹಿಡಿದು ತಿರುಗಿಸೋದು ಸಾಮಾಜಿಕ ಕೌಶಲ ಕಲಿಸಿದ ಹಾಗಲ್ಲ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಮುಂದಿಟ್ಟರು. ಆಟಿಸಂ ಇರುವವರಿಗೆ ಇತರರು ಅರ್ಥವಾಗೋದಿಲ್ಲ ಅಂತ ಮಾತ್ರ ಹೇಳೋದು ಅರ್ಧ ಸತ್ಯ, ಇತರರಿಗೂ ಅವರು ಅರ್ಥವಾಗೋದಿಲ್ಲ, ತೊಡಕು ಎರಡೂ ಕಡೆ ಇದೆ ಅಂತ. ಹಾಗಾಗಿ ಐದನೆಯ ಪ್ರಶ್ನೆ: ಈ ಆಯ್ಕೆಯಲ್ಲಿ ಬದಲಾಗೋದು ಮಗು ಒಂದೇನಾ, ಸುತ್ತಲಿನವರೂ ಸ್ವಲ್ಪ ಕಲಿಯುತ್ತಾರಾ?

ಮನೆಯ ಆಟ

ದುಡ್ಡು ಕಡಿಮೆ, ದಾರಿ ಇಲ್ಲ, ಕಲಿತದ್ದು ಮನೆಯಲ್ಲೇ ಕಲಿತದ್ದು. "ಅಪ್ಪ ಅಮ್ಮ ಮಾಡಿದರೆ ಸಾಕಾಗುತ್ತಾ?" ಅನ್ನುವ ಅನುಮಾನ ಎಲ್ಲರಿಗೂ ಬರುತ್ತದೆ. ನಮ್ಮ ಪಕ್ಕದ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಹೆತ್ತವರಿಗೆ ಹೇಳಿಕೊಟ್ಟವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ತಾಯಿ ತಂದೆ ಮಗುವಿನ ಆಟಕ್ಕೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಾಯಿತು, ಮಗು ತಾನಾಗಿ ಅವರ ಕಡೆ ತಿರುಗಿ ಏನಾದರೂ ಹೇಳೋದು, ತೋರಿಸೋದೂ ಹೆಚ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 2ರಿಂದ 9 ವರ್ಷದ ಮಕ್ಕಳ ಪಾಲಕರಿಗಾಗಿ ಇಂಥದ್ದೇ ತರಬೇತಿ ರೂಪಿಸಿದೆ. ಅದು ನಿಂತಿರೋದೇ ಮನೆಯ ಆಟ ಮತ್ತು ದಿನದ ಕೆಲಸಗಳ ಮೇಲೆ.

ಮಾಡೋದು ಹೇಗೆ? ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಆದರೆ ಆ ಹೊತ್ತು ಟಿವಿ ಬಂದ್, ಫೋನ್ ದೂರ. ಮಗುವಿನ ಪಕ್ಕ ಅಲ್ಲ, ಎದುರಿಗೆ ಕೂರಿ, ನೆಲದ ಮೇಲೆ. ಅದು ಗೋಲಿಗಳನ್ನು ಸಾಲಾಗಿ ಇಡುತ್ತಿದ್ದರೆ ಕೆಡಿಸಬೇಡಿ, ನೀವೂ ಒಂದು ಸಾಲು ಇಡಿ. ಒಂದೆರಡು ದಿನದಲ್ಲಿ ಅದು ನಿಮ್ಮ ಸಾಲಿನ ಕಡೆ ನೋಡಬಹುದು. ಆಮೇಲೆ ಗೋಲಿಗಳೆಲ್ಲ ನಿಮ್ಮ ಕೈಯಲ್ಲಿರಲಿ, ಒಂದೊಂದೇ ಕೊಡಿ, ಒಮ್ಮೆ ಕೊಡದೆ ನಗುತ್ತಾ ತಡೆದು ಹಿಡಿಯಿರಿ. ಕಾಯಿರಿ. ನಾವು ಕಾಯೋದೇ ಇಲ್ಲ, ತಕ್ಷಣ "ಬೇಕಾ? ತಗೋ, ತಗೋ" ಅಂದುಬಿಡುತ್ತೇವೆ. ಮನಸ್ಸಿನಲ್ಲಿ ಹತ್ತು ಎಣಿಸಿದರೆ ಮಗುವಿಗೆ ಕೈ ಚಾಚಲು, ನೋಡಲು, ಒಂದು ಸದ್ದು ಮಾಡಲು ಜಾಗ ಸಿಗುತ್ತದೆ.

ನಮ್ಮ ಕಡೆ ಆಟಿಕೆ ಅಂಗಡಿಗೇ ಹೋಗಬೇಕು ಅಂತಿಲ್ಲ. ರೊಟ್ಟಿ ಬಡಿಯುವಾಗ ಒಂದು ಮುದ್ದೆ ಹಿಟ್ಟು ಮಗುವಿನ ಮುಂದಿಡಿ. "ನನ್ನ ಪಾಳಿ" ಅಂತ ನೀವೊಮ್ಮೆ ತಟ್ಟಿ, "ನಿನ್ನ ಪಾಳಿ" ಅಂತ ಅದಕ್ಕೊಮ್ಮೆ ಬಿಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡೋದು ಇನ್ನೂ ಒಳ್ಳೆಯದು: ಕೈಗೆ ಮಣ್ಣು, ಕಣ್ಣಿಗೆ ಎತ್ತು, ಮೊದಲು ಬರೀ ಹಿಸುಕೋದು, ಬರುಬರುತ್ತಾ ಎತ್ತಿಗೆ ನೀರು ಕುಡಿಸೋದು, ಅಂದರೆ ಸುಳ್ಳೇ ಸುಳ್ಳು ಆಟ ಅಲ್ಲೇ ಶುರು. ಪಂಚಮಿ ಜೋಕಾಲಿಯಂತೂ ಈ ಮಕ್ಕಳಿಗೆಂದೇ ಕಟ್ಟಿದ್ದು ಅನಿಸುತ್ತದೆ. ಬಹಳ ಮಕ್ಕಳಿಗೆ ಜೀಕೋದು ಇಷ್ಟ. ಜೋಕಾಲಿ ಹಿಡಿದು ನಿಲ್ಲಿಸಿ, "ಒಂದು, ಎರಡು..." ಅಂದು ತಡೆಯಿರಿ. ಮೂರು ಅನ್ನೋದು ಮಗುವಿನ ಕೆಲಸ. ಮಾತು ಬಾರದಿದ್ದರೆ ಕಾಲು ಅಲ್ಲಾಡಿಸಿದರೂ ಅದು ಉತ್ತರವೇ.

ತೊಡಕುಗಳೂ ಇವೆ. ಮನೆಯವರು ಮಗುವಿನ ಮನಸ್ಸು ಚೆನ್ನಾಗಿ ಬಲ್ಲವರು, ಬೇಕಾದಷ್ಟು ಹೊಂದಿಕೊಳ್ಳುತ್ತಾರೆ. ಓಣಿಯ ಹುಡುಗರು ಅಷ್ಟು ಹೊಂದಿಕೊಳ್ಳೋದಿಲ್ಲ. ಮನೆಯ ಆಟ ಒಂದರಿಂದಲೇ ಸ್ನೇಹ ಬರೋದಿಲ್ಲ. ಇನ್ನೊಂದು, ಈ ಭಾರ ಪೂರ್ತಿ ತಾಯಿಯ ಮೇಲೆ ಬೀಳುತ್ತದೆ. ಅಡುಗೆ, ಕೆಲಸ, ಅತ್ತೆಯ ಮಾತು, ಅದರ ಮೇಲೆ "ಇವತ್ತು ಆಟ ಆಡಿಸಿದ್ಯಾ?" ಅನ್ನುವ ಪ್ರಶ್ನೆ ಬೇರೆ. ದಯವಿಟ್ಟು ಅಪ್ಪಂದಿರೂ ನೆಲದ ಮೇಲೆ ಕೂರಿ. ಕೂಡು ಕುಟುಂಬ ಇದ್ದರೆ ಅಜ್ಜ, ಕಾಕಾ ಎಲ್ಲರಿಗೂ ಒಂದೊಂದು ಆಟ ಹಂಚಿ. ಮತ್ತೆ, ತಿಂಗಳಿಗೊಮ್ಮೆಯಾದರೂ ತಿಳಿದವರಿಗೆ ನಿಮ್ಮ ಆಟ ತೋರಿಸಲೇಬೇಕು. ಇಲ್ಲದಿದ್ದರೆ ಅದೇ ಆಟ ಅಲ್ಲೇ ನಿಂತುಬಿಡುತ್ತದೆ.

ಥೆರಪಿ ಸೆಂಟರ್

ಮಗುವಿಗೆ ಬೇಕಾದದ್ದನ್ನು ಹೇಳಿಕೊಳ್ಳಲು ಯಾವ ದಾರಿಯೂ ಇಲ್ಲ, ತನ್ನನ್ನೇ ಹೊಡೆದುಕೊಳ್ಳುತ್ತದೆ, ಸದ್ದು ಸ್ಪರ್ಶ ಯಾವುದನ್ನೂ ತಡೆಯಲಾರದು, ಇಲ್ಲವೇ ಮನೆಯಲ್ಲಿ ಇಬ್ಬರೂ ದುಡಿಯುವವರು ಅಂದರೆ ಸೆಂಟರ್ ಬೇಕೇ ಬೇಕು. ಇಂಥ ಕಡೆ ಮನೆಯ ಆಟ ಸಾಕು ಅನ್ನೋದು ತಪ್ಪು ಸಲಹೆ. ಮೊದಲ ಪರೀಕ್ಷೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸುವ ಕೇಂದ್ರ) ಇವೆ. ಸರ್ಕಾರಿ ಜಾಗದಿಂದಲೇ ಶುರು ಮಾಡಿ, ಕಾಗದ ಪತ್ರಕ್ಕೂ ಅದೇ ಅನುಕೂಲ.

ಖಾಸಗಿ ಸೆಂಟರ್‌ಗಳ ಬೋರ್ಡಿನ ಮೇಲೆ ಹಲವು ಹೆಸರು ಕಾಣುತ್ತವೆ. ಎಬಿಎ ಅಂದರೆ ಕೆಲಸವನ್ನು ಸಣ್ಣ ಸಣ್ಣ ಹಂತ ಮಾಡಿ, ಮಾಡಿದಾಗೆಲ್ಲ ಮೆಚ್ಚುಗೆ ಅಥವಾ ಇಷ್ಟದ ವಸ್ತು ಕೊಟ್ಟು ಕಲಿಸೋದು. ಫ್ಲೋರ್‌ಟೈಮ್ ಅಂದರೆ ನೆಲದ ಮೇಲೆ ಕೂತು ಮಗುವಿನ ಆಸಕ್ತಿಯ ಹಿಂದೆ ಹೋಗೋದು. ಅರ್ಲಿ ಸ್ಟಾರ್ಟ್ ಡೆನ್ವರ್, ಜಾಸ್ಪರ್ ಇವು ನಡುವಿನವು: ಕಲಿಸುವ ಗುರಿ ಸ್ಪಷ್ಟ ಇರುತ್ತದೆ, ಆದರೆ ಕಲಿಸೋದು ಆಟದ ಒಳಗೇ. ಆಟ ಮತ್ತು ಬೆರೆಯೋದರ ವಿಷಯಕ್ಕೆ ನನಗೆ ಈ ನಡುವಿನ ದಾರಿಯೇ ಸರಿ ಕಾಣುತ್ತದೆ, ಸಂಶೋಧನೆಯೂ ಆ ಕಡೆಗೇ ಇದೆ. ಮೇಜಿನ ಮುಂದೆ ಕೂರಿಸಿ ಕಾರ್ಡ್ ತೋರಿಸೋದರಿಂದ ಬಣ್ಣ, ಹೆಸರು ಬರಬಹುದು, ಆಟ ಬರೋದು ಕಷ್ಟ.

ಗಂಟೆಗಳ ಲೆಕ್ಕಕ್ಕೆ ಹೆದರಬೇಡಿ. 1987ರಲ್ಲಿ ಅಮೆರಿಕದ ಐವಾರ್ ಲೋವಾಸ್ ವಾರಕ್ಕೆ 40 ಗಂಟೆ ಎಬಿಎ ಕೊಟ್ಟ ಅಧ್ಯಯನ ಪ್ರಕಟಿಸಿದರು, ಆ ನಲವತ್ತು ಅನ್ನುವ ಸಂಖ್ಯೆ ಇವತ್ತಿಗೂ ಹೆತ್ತವರ ಕಿವಿಗೆ ಬೀಳುತ್ತಿರುತ್ತದೆ. ಆದರೆ 2024ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಚಿಕ್ಕ ಮಕ್ಕಳಲ್ಲಿ ಗಂಟೆ ಹೆಚ್ಚಿದಷ್ಟೂ ಫಲ ಹೆಚ್ಚುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಅಂದಮೇಲೆ "ದಿನಾ ಬರದಿದ್ದರೆ ಪ್ರಯೋಜನ ಇಲ್ಲ" ಅಂದವರ ಮಾತಿಗೆ ಹೊಲ ಅಡವಿಡಬೇಕಿಲ್ಲ, ಅಲ್ವಾ?

ಸೇರಿಸುವ ಮೊದಲು ಕೇಳಿ. ಸ್ಪೆಷಲ್ ಎಜುಕೇಟರ್, ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಇರುತ್ತದೆ, ಕೇಳೋದರಲ್ಲಿ ಸಂಕೋಚ ಬೇಡ. ನಾವು ಒಳಗೆ ಕೂತು ನೋಡಬಹುದಾ? ಮುಂದಿನ ಮೂರು ತಿಂಗಳ ಗುರಿ ಬರೆದು ಕೊಡುತ್ತೀರಾ? ಮಗು ಅತ್ತರೆ ಏನು ಮಾಡುತ್ತೀರಿ? ಮನೆಯಲ್ಲಿ ಮಾಡೋದನ್ನು ನಮಗೆ ಕಲಿಸುತ್ತೀರಾ? ಬಾಗಿಲು ಹಾಕಿ ಹೆತ್ತವರನ್ನು ಹೊರಗೇ ಕೂರಿಸುವ ಜಾಗ ನನಗೆ ಒಪ್ಪಿಗೆ ಇಲ್ಲ. ಆರು ತಿಂಗಳಲ್ಲಿ ಗುಣ ಮಾಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಆಟಿಸಂ ಜ್ವರ ಅಲ್ಲ.

ಇನ್ನು ಲೆಕ್ಕ. ಒಂದು ಸೆಷನ್‌ಗೆ 500 ರೂಪಾಯಿ ಅಂತ ಇಟ್ಟುಕೊಳ್ಳಿ, ವಾರಕ್ಕೆ ಮೂರು ಸಲ ಅಂದರೆ ನಾಲ್ಕು ವಾರಕ್ಕೆ 6,000. ಧಾರವಾಡದವರು ಹುಬ್ಬಳ್ಳಿಗೆ ಹೋಗಿ ಬರೋದು ದೊಡ್ಡ ಮಾತಲ್ಲ. ಹಾವೇರಿ, ಗದಗದಿಂದ ಬರುವವರಿಗೆ ಮುಕ್ಕಾಲು ಗಂಟೆಯ ಸೆಷನ್‌ಗೆ ಅರ್ಧ ದಿನ ಹೋಗುತ್ತದೆ. ಶಕ್ತಿ ಯೋಜನೆಯಿಂದ ತಾಯಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ, ನಿಜ. ಆದರೆ ತುಂಬಿದ ಬಸ್ಸಿನ ಗದ್ದಲದಲ್ಲಿ ಬಂದ ಮಗು ಸೆಂಟರ್ ಮುಟ್ಟುವಷ್ಟರಲ್ಲಿ ಸುಸ್ತಾಗಿ, ಕಿವಿ ಮುಚ್ಚಿಕೊಂಡು ಕೂತರೆ ಆ ದಿನದ ಆಟ ಹೋದ ಹಾಗೇ. ದೂರದವರಿಗೆ ನನ್ನ ಸಲಹೆ: ವಾರಕ್ಕೆ ಮೂರು ಸಲದ ಬದಲು ಎರಡು ವಾರಕ್ಕೊಮ್ಮೆ ಹೋಗಿ, ಆದರೆ ಆ ಸೆಷನ್‌ನಲ್ಲಿ ಕಲಿಯುವವರು ನೀವೇ ಆಗಿರಿ. ಕೆಲವರು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾಡುವ ಕ್ರಮ ಬರೆಸಿಕೊಂಡು ಬರುತ್ತಾರೆ. ಊರು ಬಿಟ್ಟು ಅಲ್ಲೇ ಮನೆ ಮಾಡೋದಕ್ಕಿಂತ ಅದು ಎಷ್ಟೋ ಮೇಲು.

ಸಣ್ಣ ಗುಂಪು

ಇದನ್ನು ಬೇಗ ಶುರು ಮಾಡಿ ಕೆಡಿಸಿಕೊಳ್ಳುವವರು ಜಾಸ್ತಿ. ಇನ್ನೊಂದು ಮಗು ಪಕ್ಕದಲ್ಲಿ ಕೂತರೆ ಸಹಿಸುತ್ತದೆ, ಸ್ವಲ್ಪ ಹೊತ್ತು ಪಾಳಿಗೆ ಕಾಯುತ್ತದೆ ಅಂದಾಗ ಮಾತ್ರ ಗುಂಪು. ಮೂರರಿಂದ ಐದು ಮಕ್ಕಳು, ಆಟದ ಹಂತ ಹತ್ತಿರ ಹತ್ತಿರ ಇರಬೇಕು. ಎಲ್ಲರಿಗೂ ಇಷ್ಟವಾದ ಒಂದು ವಸ್ತು ನಡುವೆ ಇದ್ದರೆ ಅರ್ಧ ಕೆಲಸ ಆಯಿತು. ಅಮೆರಿಕದ ಡೇನಿಯಲ್ ಲೆಗಾಫ್ ಲೆಗೊ ಇಟ್ಟಿಗೆಗಳಿಂದ ಮಾಡಿದ್ದು ಅದನ್ನೇ: ಒಬ್ಬ ಚಿತ್ರ ನೋಡಿ ಹೇಳುವವನು, ಒಬ್ಬ ಇಟ್ಟಿಗೆ ಹುಡುಕಿ ಕೊಡುವವನು, ಒಬ್ಬ ಕಟ್ಟುವವನು. ಮಾತಾಡದೆ ಕೆಲಸ ನಡೆಯೋದಿಲ್ಲ. ದುಬಾರಿ ಲೆಗೊನೇ ಬೇಕಿಲ್ಲ, ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಇಟ್ಟಿಗೆ ಸಾಕು.

ಗುಂಪಿನ ದೊಡ್ಡ ಲಾಭ ಏಳೆಂಟು ವರ್ಷ ದಾಟಿದ, ಮಾತು ಬರುವ ಮಕ್ಕಳಿಗೆ. ಹದಿಹರೆಯದವರಿಗಂತೂ ಅಪ್ಪ ಅಮ್ಮನ ಜೊತೆ ಆಡೋದಕ್ಕಿಂತ ಇದೇ ಬೇಕು. ಅಲ್ಲಿ ರೈಲಿನ ಹೆಸರುಗಳನ್ನೇ ಹೇಳುತ್ತಿದ್ದರೂ ಕೇಳುವ ಇನ್ನೊಬ್ಬ ಸಿಗುತ್ತಾನೆ. "ಆಟಿಸಂ ಮಕ್ಕಳ ಜೋಡಿ ಇದ್ದು ಏನು ಕಲೀತಾನ?" ಅನ್ನುವವರಿಗೆ ನಾನು ಹೇಳೋದು, ಅಲ್ಲಿ ಸಿಗೋದೂ ನಿಜವಾದ ಸ್ನೇಹವೇ. ತೊಂದರೆ ಏನೆಂದರೆ ಸಣ್ಣ ಊರುಗಳಲ್ಲಿ ನಿಯಮಿತವಾಗಿ ನಡೆಯುವ ಗುಂಪು ಸಿಗೋದು ಕಷ್ಟ. ಎರಡು ಮೂರು ಮನೆಯವರು ಸೇರಿ ಭಾನುವಾರ ಒಬ್ಬರ ಮಾಳಿಗೆ ಮೇಲೆ ಶುರು ಮಾಡಿ, ಒಬ್ಬ ಸ್ಪೆಷಲ್ ಎಜುಕೇಟರ್ ಫೀಯನ್ನು ಹಂಚಿಕೊಳ್ಳಿ.

ಅಂಗನವಾಡಿ, ಶಾಲೆ, ಓಣಿ

"ಸುಮ್ನೆ ಹುಡುಗರ ನಡುವೆ ಬಿಡಿ" ಅನ್ನೋದು ಪುಕ್ಕಟೆ ಸಲಹೆ, ಆದರೆ ಸುಮ್ನೆ ಬಿಟ್ಟರೆ ಆಗೋದಿಲ್ಲ. ಮಗು ಗೋಡೆ ಹಿಡಿದು ಒಂದು ಮೂಲೆಯಲ್ಲಿ ಓಡಾಡುತ್ತಿರುತ್ತದೆ, ಇಲ್ಲವೇ ಚುಡಾಯಿಸಿಕೊಳ್ಳುತ್ತದೆ. ಜೊತೆಗಿರುವ ಮಕ್ಕಳಿಗೆ ಹೇಳಿಕೊಟ್ಟರೆ ಮಾತ್ರ ಇದು ಬಲವಾದ ಆಯ್ಕೆ. ಅಮೆರಿಕದ ಕಾನಿ ಕಸಾರಿ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವ ಮಗುವನ್ನು ಒಬ್ಬೊಬ್ಬರಾಗಿ ಕೂರಿಸಿ ಕಲಿಸಿದ್ದಕ್ಕಿಂತ ತರಗತಿಯ ಮೂವರು ಮಕ್ಕಳಿಗೆ ತರಬೇತಿ ಕೊಟ್ಟಾಗ ತರಗತಿಯ ಸ್ನೇಹಬಳಗದಲ್ಲಿ ಆ ಮಗುವಿಗೆ ಜಾಸ್ತಿ ಜಾಗ ಸಿಕ್ಕಿತು. ನನಗೆ ಇದರಷ್ಟು ಸಮಾಧಾನ ಕೊಟ್ಟ ಸುದ್ದಿ ಇನ್ನೊಂದಿಲ್ಲ, ಯಾಕೆಂದರೆ ಇದಕ್ಕೆ ದುಡ್ಡು ಬೇಡ, ಒಳ್ಳೆಯ ಟೀಚರ್ ಬೇಕು.

ಟೀಚರ್ ಹತ್ತಿರ ಮಾತಾಡಿ, ಸಮಾಧಾನದ ಸ್ವಭಾವದ ಎರಡು ಮೂರು ಮಕ್ಕಳನ್ನು ಆರಿಸಿ. ಅವರಿಗೆ ಹೇಳೋದು ಇಷ್ಟೇ: ದೂರದಿಂದ ಕೂಗಬೇಡಿ, ಹತ್ತಿರ ಹೋಗಿ ಹೆಸರು ಹೇಳಿ. ಬಾಯಲ್ಲಿ ಹೇಳೋದರ ಜೊತೆ ಮಾಡಿ ತೋರಿಸಿ. ಉತ್ತರಕ್ಕೆ ಕಾಯಿರಿ. ಅವನ ಕೆಲಸ ನೀವೇ ಮಾಡಿಬಿಡಬೇಡಿ. ಅವನು ಕೈ ಅಲ್ಲಾಡಿಸಿದರೆ ನಗಬೇಡಿ, ಅದು ಅವನ ಖುಷಿ.

ಯಾವ ಆಟ ಮೊದಲು ಅನ್ನೋದೂ ಮುಖ್ಯ. ಕುಂಟೆಬಿಲ್ಲೆ ಒಳ್ಳೆಯ ಶುರು: ಗೆರೆ ಕಣ್ಣಿಗೆ ಕಾಣುತ್ತದೆ, ಒಬ್ಬರಾದ ಮೇಲೆ ಒಬ್ಬರು, ಯಾರೂ ಮೈಮೇಲೆ ಬೀಳೋದಿಲ್ಲ. ಚೌಕಾಬಾರವೂ ಹಾಗೇ, ಎಣಿಕೆ ಇಷ್ಟಪಡುವ ಮಕ್ಕಳು ದೊಡ್ಡವರನ್ನೇ ಸೋಲಿಸಿಬಿಡುತ್ತಾರೆ. ಕಣ್ಣಾಮುಚ್ಚಾಲೆ ಸುಲಭ ಅಂತ ಕಾಣುತ್ತದೆ, ಆದರೆ "ಅವನಿಗೆ ನಾನು ಕಾಣುತ್ತಿಲ್ಲ" ಅಂತ ಇನ್ನೊಬ್ಬರ ಕಣ್ಣಿನಿಂದ ಯೋಚಿಸಬೇಕು, ಹಾಗಾಗಿ ಬಹಳ ಮಕ್ಕಳು ಅಡಗಿ ಕೂತು ತಾವೇ ಹೊರಗೆ ಬರುತ್ತಾರೆ. ಅದಕ್ಕೂ ಮೊದಲು ಬರೀ ಅಟ್ಟಿಸಿಕೊಂಡು ಓಡುವ ಆಟ ಇರಲಿ. ಲಗೋರಿ, ಕಬಡ್ಡಿ ಕಡೆಗೆ. ಗದ್ದಲ, ಚೆಂಡಿನ ಏಟು, ಮುಟ್ಟೋದು, ಕ್ಷಣಕ್ಕೊಂದು ಜಗಳ ಎಲ್ಲ ಒಟ್ಟಿಗೆ ಬರುತ್ತವೆ. ಹೋಳಿಯ ಹಲಗೆ ಸದ್ದು, ಗಣಪತಿ ಮೆರವಣಿಗೆಯ ಡಿಜೆ ಇರುವ ದಿನಗಳಲ್ಲಿ ಹೊಸ ಆಟ ಕಲಿಸಲು ಹೋಗಬೇಡಿ.

ಶಾಲೆಯವರು "ಇಂಥ ಮಕ್ಕಳನ್ನು ತಗೊಳ್ಳೋದಿಲ್ಲ" ಅಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಸರು ಹೇಳಿ. ಆಟಿಸಂ ಅದರಲ್ಲಿದೆ. ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ಅವರನ್ನು ಶಾಲೆಗೆ ಕರೆಸಿ ಮಾತಾಡಿಸಿ.

ಫೋನ್

ಸಹಾಯಕ್ಕೆ ಹೌದು, ಬದಲಿಗೆ ಅಲ್ಲ. ಅಕ್ಕನೋ ಅಣ್ಣನೋ ಒಂದು ಆಟ ಆಡೋದನ್ನು ಅರ್ಧ ನಿಮಿಷ ವಿಡಿಯೊ ಮಾಡಿ, ಮಗುವಿಗೆ ತೋರಿಸಿ, ಕೂಡಲೇ ಅದೇ ಸಾಮಾನು ಕೈಗೆ ಕೊಡಿ. ನೋಡಿ ಕಲಿಯುವ ಮಕ್ಕಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನೀವು ಆಡಿಸಿದ ವಿಡಿಯೊವನ್ನು ಥೆರಪಿಸ್ಟ್‌ಗೆ ಕಳಿಸಿ ಸಲಹೆ ಕೇಳೋದೂ ದೂರದವರಿಗೆ ವರ. ಕಾರ್ಟೂನ್, ಹಾಡು ಹಾಕಿ ಮಗುವಿನ ಕೈಗೆ ಕೊಡೋದು ಇದರ ಲೆಕ್ಕಕ್ಕೆ ಬರೋದಿಲ್ಲ.

ಯಾರಿಗೆ ಯಾವುದು

ಮಗು ನಾಲ್ಕರ ಒಳಗೆ, ಒಬ್ಬನೇ ಆಡುತ್ತಾನೆ, ದುಡ್ಡು ಕಡಿಮೆ: ದಿನಾ ಮನೆಯ ಆಟ, ತಿಂಗಳಿಗೆ ಒಂದೆರಡು ಸಲ ಸರ್ಕಾರಿ ಜಾಗದಲ್ಲಿ ಸಲಹೆ, ಅಂಗನವಾಡಿಗೆ ಮೊದಮೊದಲು ಒಂದು ಗಂಟೆ. ಮಾತಿಲ್ಲ, ಹಟ ಜಾಸ್ತಿ, ಸ್ವಲ್ಪ ಖರ್ಚು ಮಾಡುವ ಶಕ್ತಿ ಇದೆ: ಹೆತ್ತವರನ್ನು ಒಳಗೆ ಬಿಡುವ ಸೆಂಟರ್, ವಾರಕ್ಕೆ ಎರಡು ಸಲ, ಮನೆಯ ಆಟ ಬಿಡದೆ. ಶಾಲೆಗೆ ಹೋಗುತ್ತಾನೆ, ಓದುತ್ತಾನೆ, ಗೆಳೆಯರಿಲ್ಲ: ಸೆಂಟರ್ ದುಡ್ಡು ಉಳಿಸಿ, ಶಾಲೆಯ ಜೊತೆಗಾರರ ಮೇಲೆ ಮತ್ತು ಒಂದು ಸಣ್ಣ ಗುಂಪಿನ ಮೇಲೆ ಶ್ರಮ ಹಾಕಿ. ಹಳ್ಳಿಯಲ್ಲಿದ್ದೀರಿ, ಬಸ್ಸು ದಿನಕ್ಕೆರಡು: ಮನೆ, ವಿಡಿಯೊ, ಓಣಿಯ ಇಬ್ಬರು ಮಕ್ಕಳು. ಇದು ಕಡಿಮೆ ದರ್ಜೆಯ ಆಯ್ಕೆ ಅಂತ ಅಂದುಕೊಳ್ಳಬೇಡಿ.

ಯಾವುದನ್ನೇ ಆರಿಸಿದರೂ ಎರಡು ಕಾಗದ ಮಾಡಿಸಿ. ಒಂದು ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ. ಇನ್ನೊಂದು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ. ವರ್ಷಕ್ಕೆ 1 ಲಕ್ಷ ರೂಪಾಯಿ ತನಕದ ಈ ವಿಮೆಯಲ್ಲಿ ಥೆರಪಿ ಖರ್ಚಿಗೂ ಒಂದು ಪಾಲು ಇದೆ. ಬಿಲ್ಲುಗಳನ್ನು ಮೊದಲ ದಿನದಿಂದಲೇ ಎತ್ತಿಡಿ.

ಮೂರು ತಿಂಗಳಾದ ಮೇಲೆ, ಶುರುವಿನಲ್ಲಿ ಬರೆದಿಟ್ಟ ಹಾಳೆ ತೆಗೆದು ನೋಡಿ. ಮಗು ತಾನಾಗಿ ನಿಮ್ಮ ಹತ್ತಿರ ಬಂದು ಏನಾದರೂ ತೋರಿಸೋದು ಹೆಚ್ಚಾಗಿದೆಯಾ? ಸೆಂಟರ್‌ನಲ್ಲಿ ಅಥವಾ ನಿಮ್ಮ ಜೊತೆ ಕಲಿತ ಒಂದಾದರೂ ಆಟವನ್ನು ಬೇರೆಯವರ ಜೊತೆ ಆಡಿದೆಯಾ? ಹೊರಡುವ ಹೊತ್ತಿಗೆ ಚಪ್ಪಲಿ ತಾನೇ ತರುತ್ತದಾ, ಅಥವಾ ಮಂಚದ ಕೆಳಗೆ ಸೇರುತ್ತದಾ? ಮೂರಕ್ಕೂ ಉತ್ತರ ಸರಿ ಇಲ್ಲದಿದ್ದರೆ ಕಲಿಸುವವರ ಎದುರು ಆ ಹಾಳೆ ಇಟ್ಟು ಮಾತಾಡಿ, ಗುರಿ ಸಣ್ಣದು ಮಾಡಿಸಿ. ಅವರು ಕೇಳಿಸಿಕೊಳ್ಳದಿದ್ದರೆ ಮುಂದಿನ ತಿಂಗಳ ಫೀ ಕಟ್ಟುವ ಮೊದಲು ಇನ್ನೊಂದು ಆಯ್ಕೆಗೆ ಹೋಗಿ.